ವಾರಕ್ಕೆ ಎರಡು ದಿನ ಡಯಾಲಿಸಿಸ್, ಉಳಿದ ಐದು ದಿನ ಯಾರದ್ದು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ನಮ್ಮ ಯಜಮಾನರಿಗೆ 48 ವರ್ಷ, ಟೈಲರ್ ಕೆಲಸ. ಬಿಪಿ ಇದ್ದದ್ದು ಗೊತ್ತೇ ಆಗಲಿಲ್ಲ. ಸ್ಕ್ಯಾನಿಂಗ್ ಮಾಡಿ ಎರಡೂ ಕಿಡ್ನಿ ಚಿಕ್ಕದಾಗಿಬಿಟ್ಟಿವೆ ಅಂದರು. ಐದು ತಿಂಗಳಿಂದ ಮಂಗಳವಾರ, ಶುಕ್ರವಾರ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಡಯಾಲಿಸಿಸ್ ಸೂಜಿ ಚುಚ್ಚಲು ಎಡಗೈಯ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಅಂತ ಮಾಡಿದ್ದಾರೆ. ಅಂಗಡಿ ಮುಚ್ಚಿದ್ದಾರೆ. ಯಾರ ಜೊತೆಗೂ ಮಾತಿಲ್ಲ. ರಾತ್ರಿ ನಾನು ಮಲಗಿದ ಮೇಲೆ ಎದ್ದು ಕದ್ದು ನೀರು ಕುಡಿಯುತ್ತಾರೆ. ಪ್ರತಿ ಸಲ ನಾಲ್ಕು, ನಾಲ್ಕೂವರೆ ಕೆಜಿ ಏರಿರುತ್ತದೆ. ಮಷೀನ್ ಮೇಲೆ ಮೂರು ಗಂಟೆ ಆಗುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ‘ತೆಗೆದುಬಿಡಿ’ ಅಂತ ಕೂಗುತ್ತಾರೆ. ಬೇಳೆ, ಮೊಟ್ಟೆ ಎಲ್ಲ ಬಿಡಿಸಿದ್ದೇನೆ. ಮುಂದಿನ ತಿಂಗಳು ಒಂದು ಬುಧವಾರ ಮಗಳ ನಿಶ್ಚಿತಾರ್ಥ. ‘ನನ್ನ ಮುಖ ತೋರಿಸಿ ಏನಾಗಬೇಕು’ ಅಂತಾರೆ. ನಾಟಿ ಔಷಧಿ ತಗೊಂಡರೆ ಡಯಾಲಿಸಿಸ್ ಬಿಡಬಹುದು ಅಂತ ಒಬ್ಬರು ಹೇಳಿದ್ದಾರೆ. ಇನ್ನೆಷ್ಟು ದಿನ ಹೀಗೆ? ನಾನೇನು ಮಾಡಲಿ?

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ತುಂಬ ಕಾಡಿತು. 48 ವರ್ಷದ ಮನುಷ್ಯ ತನ್ನ ಮನೆಯಲ್ಲೇ ಕದ್ದು ನೀರು ಕುಡಿಯುತ್ತಿದ್ದಾರೆ ಅನ್ನುವುದು. ತಪ್ಪು ಅವರದ್ದು ಅಂತಲೂ ಅಲ್ಲ, ನಿಮ್ಮದು ಅಂತಲೂ ಅಲ್ಲ. ಆದರೆ ಅಲ್ಲಿಂದಲೇ ಶುರು ಮಾಡೋಣ. ಮಾತು ನಿಂತಿದ್ದು, ಅಂಗಡಿ ಮುಚ್ಚಿದ್ದು, ಕಾಲು ಹಿಡಿದುಕೊಳ್ಳುವುದು, ನಿಶ್ಚಿತಾರ್ಥ ಬೇಡ ಅನ್ನುವುದು, ಎಲ್ಲವೂ ಇದಕ್ಕೆ ಒಂದಲ್ಲ ಒಂದು ರೀತಿ ಗಂಟು ಹಾಕಿಕೊಂಡಿವೆ.

ಮೊದಲು ನಾಟಿ ಔಷಧಿ ವಿಷಯ ಮುಗಿಸುತ್ತೇನೆ. ಬೇಡ. ಎಷ್ಟೋ ವರ್ಷ ಗೊತ್ತಿಲ್ಲದೆ ಇದ್ದ ಬಿಪಿಯಿಂದ ಕಿಡ್ನಿ ಚಿಕ್ಕದಾಗಿದ್ದರೆ, ಅದು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಯಾವ ಬೇರೂ, ಯಾವ ಪುಡಿಯೂ, ನಮ್ಮ ಮಾತ್ರೆಯೂ ಅದನ್ನು ಹಿಂದಕ್ಕೆ ತರುವುದಿಲ್ಲ. ಈ ಔಷಧಿಗಳಲ್ಲಿ ಕೆಲವದರಲ್ಲಿ ಸೀಸ, ಪಾದರಸ ಇರುತ್ತವೆ. ಅವನ್ನು ಹೊರಗೆ ಹಾಕಬೇಕಾದ ಕಿಡ್ನಿಯೇ ಕೆಲಸ ಮಾಡುತ್ತಿಲ್ಲ ಅಲ್ವಾ? ಅದನ್ನು ನಂಬಿ ಎರಡು ವಾರ ಡಯಾಲಿಸಿಸ್ ಬಿಟ್ಟು, ಉಸಿರು ಕಟ್ಟಿಕೊಂಡು ರಾತ್ರೋರಾತ್ರಿ ಬಂದವರನ್ನು ನೋಡಿದ್ದೇನೆ. ಎಲ್ಲರೂ ಉಳಿಯಲಿಲ್ಲ. ಹೇಳಿದವರು ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ನೀವು ಮಾತ್ರ ಆ ದಾರಿ ಹಿಡಿಯಬೇಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಮಾತ್ರೆಯೂ ಬೇಡ. ಈಗ ಬರುತ್ತಿರುವ ಅಷ್ಟಿಷ್ಟು ಮೂತ್ರವನ್ನೂ ಅದು ನಿಲ್ಲಿಸಬಹುದು. ಆ ಅಷ್ಟಿಷ್ಟು ಮೂತ್ರ ನಿಮ್ಮ ಯಜಮಾನರಿಗೆ ಈಗ ದೊಡ್ಡ ಆಸ್ತಿ.

ಈಗ ನೀರಿನ ವಿಷಯ.

ರಕ್ತದ ಕೊಳೆ, ಹೆಚ್ಚಿನ ನೀರು ಹೊರಗೆ ಹಾಕಲು ನಮ್ಮ ಕಿಡ್ನಿ ವಾರದ 168 ಗಂಟೆಯೂ ದುಡಿಯುತ್ತದೆ. ನಿಮ್ಮ ಯಜಮಾನರ ಮಷೀನ್ ಆ ಕೆಲಸವನ್ನು ನಾಲ್ಕು ನಾಲ್ಕು ಗಂಟೆಯಂತೆ ಎಂಟೇ ಗಂಟೆಯಲ್ಲಿ ಮುಗಿಸಬೇಕು. ಮೂತ್ರದಲ್ಲಿ ಹೋಗದ ನೀರು ಮೈಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಉಳಿದರೆ ತಕ್ಕಡಿಯಲ್ಲಿ ಒಂದು ಕೆಜಿ. ನಾಲ್ಕೂವರೆ ಕೆಜಿ ಏರಿದರೆ, ರಕ್ತದಿಂದ ನಾಲ್ಕೂವರೆ ಲೀಟರ್ ನೀರನ್ನು ನಾಲ್ಕು ಗಂಟೆಯಲ್ಲಿ ಎಳೆಯಬೇಕು. ನೀರು ಬರೀ ರಕ್ತದಲ್ಲಿ ಇರುವುದಿಲ್ಲ, ಕಾಲಲ್ಲಿ, ಮುಖದಲ್ಲಿ, ಶ್ವಾಸಕೋಶದಲ್ಲಿ ಎಲ್ಲ ಕಡೆ ಸೇರಿಕೊಂಡಿರುತ್ತದೆ. ಅದು ನಿಧಾನಕ್ಕೆ ರಕ್ತಕ್ಕೆ ಬರಬೇಕು. ಅದು ಬರುವುದಕ್ಕಿಂತ ಜೋರಾಗಿ ಮಷೀನ್ ಎಳೆದರೆ ಬಿಪಿ ಬೀಳುತ್ತದೆ, ವಾಂತಿ ಬಂದ ಹಾಗಾಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಅವರು ‘ತೆಗೆದುಬಿಡಿ’ ಅನ್ನುವುದು ಹಟವಲ್ಲ. ಆ ನೋವು ನಿಜವಾಗಿ ತಡೆಯಲಾರದ ನೋವು.

ಗಂಟೆಗೆ ಎಷ್ಟು ನೀರು ಎಳೆಯಬಹುದು ಅನ್ನುವುದಕ್ಕೆ ನಮ್ಮಲ್ಲಿ ಒಂದು ಲೆಕ್ಕ ಇದೆ. ತೂಕದ ಪ್ರತಿ ಕೆಜಿಗೆ 13 ಎಂ.ಎಲ್. ದಾಟದಿದ್ದರೆ ಒಳ್ಳೆಯದು. ನೀರೆಲ್ಲ ಹೋದ ಮೇಲೆ ಉಳಿಯುವ ತೂಕಕ್ಕೆ ‘ಡ್ರೈ ವೇಟ್’ ಅಂತೀವಿ. ಅದು 58 ಕೆಜಿ ಅಂತ ಇಟ್ಟುಕೊಳ್ಳಿ. ನಾಲ್ಕು ಗಂಟೆಗೆ ಸುಮಾರು 3 ಲೀಟರ್ ಆಯಿತು. ಅಷ್ಟರೊಳಗೆ ಬಂದರೆ ಕಾಲು ಹಿಡಿಯುವುದು ಬಹಳ ಕಡಿಮೆ ಆಗುತ್ತದೆ. ಮೂರೇ ಗಂಟೆಗೆ ಎದ್ದು ಬಂದರೆ ಏನಾಗುತ್ತದೆ ನೋಡಿ. ನೀರು ಅರ್ಧಂಬರ್ಧ ಉಳಿಯಿತು, ಕೊಳೆಯೂ ಉಳಿಯಿತು, ಮುಂದಿನ ಸಲ ಇನ್ನೂ ಜಾಸ್ತಿ ಎಳೆಯಬೇಕಾಯಿತು, ಮತ್ತೆ ಕಾಲು ಹಿಡಿಯಿತು. ಹೀಗೆ ಸುತ್ತುತ್ತಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಇದೇ ಕಥೆ.

ಹಾಗಾದರೆ ನೀರನ್ನು ಬಚ್ಚಿಡೋಣ ಅಂತ ಹೊರಡಬೇಡಿ. ನೀರಿಗಿಂತ ಮೊದಲು ಉಪ್ಪನ್ನು ಹಿಡಿಯಬೇಕು. ಆಸ್ಪತ್ರೆಯಲ್ಲಿ ಹಾಕುವ ಒಂದು ಲೀಟರ್ ಸಲೈನ್ ಬಾಟಲಿಯಲ್ಲಿ 9 ಗ್ರಾಂ ಉಪ್ಪಿರುತ್ತದೆ. ನಮ್ಮ ಮೈಯೂ ಹೆಚ್ಚುಕಡಿಮೆ ಅದೇ ಲೆಕ್ಕ ಇಟ್ಟುಕೊಳ್ಳುತ್ತದೆ. 9 ಗ್ರಾಂ ಉಪ್ಪು ಒಳಗೆ ಹೋದರೆ, ಒಂದು ಲೀಟರ್ ನೀರು ಸಿಗುವ ತನಕ ಬಾಯಾರಿಕೆ ಬಿಡುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಅವರನ್ನು ಎಬ್ಬಿಸುತ್ತಿರುವುದು ರಾತ್ರಿ ಊಟದ ಉಪ್ಪು. ಬೈಯುವ ಮುಂಚೆ ಅಡುಗೆಮನೆ ನೋಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಚಟ್ನಿಪುಡಿ, ಬೇಕರಿಯ ಖಾರ ಬಿಸ್ಕತ್ತು, ಮಿಕ್ಸ್ಚರ್. ಇವು ನಿಂತರೆ ಅರ್ಧ ಜಗಳ ನಿಲ್ಲುತ್ತದೆ. ದಿನಕ್ಕೆ ಅವರ ಪಾಲಿನ ಉಪ್ಪು ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ. ಬೆಳಿಗ್ಗೆಯೇ ಅಷ್ಟನ್ನು ಒಂದು ಪುಟ್ಟ ಬಟ್ಟಲಿಗೆ ಹಾಕಿಡಿ. ಸಾರು, ಪಲ್ಯ ಉಪ್ಪಿಲ್ಲದೆ ಮಾಡಿ, ಅವರ ತಟ್ಟೆಗೆ ಆ ಬಟ್ಟಲಿಂದ ಅವರೇ ಹಾಕಿಕೊಳ್ಳಲಿ. ನಾಲಿಗೆ ಒಗ್ಗಲು ಮೂರ್ನಾಲ್ಕು ವಾರ ಬೇಕು. ನಿಂಬೆರಸ ಹಿಂಡಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಹಾಕಿ. ಒಂದು ಎಚ್ಚರ: ‘ಸೋಡಿಯಂ ಕಡಿಮೆ ಇರುವ ಉಪ್ಪು’ ಅಂತ ಪ್ಯಾಕೆಟ್ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಬಿಪಿ ಇರುವ ಬೇರೆಯವರಿಗೆ ಒಳ್ಳೆಯದಾದರೂ ನಿಮ್ಮ ಯಜಮಾನರಿಗೆ ಅದು ವಿಷ.

ಇನ್ನು ನೀರಿನ ಅಳತೆ. ಒಂದು ದಿನ ಪೂರ್ತಿ ಎಷ್ಟು ಮೂತ್ರ ಬರುತ್ತದೆ ಅಂತ ಅಳೆಯಿರಿ. ಅದಕ್ಕೆ ಅರ್ಧ ಲೀಟರ್ ಸೇರಿಸಿದರೆ ಅವರ ದಿನದ ಪಾಲು ಹೆಚ್ಚುಕಡಿಮೆ ಸಿಗುತ್ತದೆ. ಮೂತ್ರ 300 ಎಂ.ಎಲ್. ಇದ್ದರೆ 800 ಎಂ.ಎಲ್. ಕಾಫಿ, ಸಾರು, ಮಜ್ಜಿಗೆ, ಗಂಜಿ, ಮಾತ್ರೆ ನುಂಗುವ ನೀರು ಎಲ್ಲವೂ ಇದರೊಳಗೇ ಬರಬೇಕು. ಈ ಬಾಟಲಿಯನ್ನು ನೀವು ಹಿಡಿದುಕೊಳ್ಳಬೇಡಿ, ಅವರ ಕೈಗೆ ಕೊಡಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಬೆಳಿಗ್ಗೆ ತನ್ನ ಪಾಲಿನ ನೀರು ತುಂಬಿಸಿ ಕಿಟಕಿ ಹತ್ತಿರ ಇಡುತ್ತಿದ್ದರು. ಕಾಫಿ ಕುಡಿದರೆ ಅದೇ ಲೋಟದಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಚೆಲ್ಲುತ್ತಿದ್ದರು. ರಾತ್ರಿಗೆ ಅಂತ ಎರಡು ಗುಟುಕು ಉಳಿಸಿಕೊಳ್ಳುವುದು ಅವರ ನಿಯಮ. ಮನೆಯವರು ಯಾರೂ ಲೆಕ್ಕ ಕೇಳುತ್ತಿರಲಿಲ್ಲ. ಟಿಕೆಟ್ ಲೆಕ್ಕ ಒಪ್ಪಿಸಿದ ಕೈ ಅದು, ನೀರಿನ ಲೆಕ್ಕವನ್ನೂ ಅಷ್ಟೇ ಶಿಸ್ತಾಗಿ ಇಟ್ಟಿತ್ತು.

ನಿಮ್ಮ ಯಜಮಾನರೂ ಅಳತೆಯ ಮನುಷ್ಯರೇ. ಎದೆ, ಸೊಂಟ, ತೋಳು ಅಂತ ಊರಿನವರ ಮೈ ಅಳತೆಯೆಲ್ಲ ಬರೆದಿಟ್ಟ ಪುಸ್ತಕ ಅವರ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಅಂಥದ್ದೇ ಒಂದು ಪುಸ್ತಕ ಅವರಿಗಾಗಿ ಶುರು ಮಾಡಲಿ. ದಿನಾ ಬೆಳಿಗ್ಗೆ ತೂಕ, ಬಿಪಿ, ಎಷ್ಟು ನೀರು. ಡಯಾಲಿಸಿಸ್ ದಿನ ಹೋಗುವಾಗಿನ ತೂಕ, ಬರುವಾಗಿನ ತೂಕ. ಬರೆಯುವುದು ಅವರೇ ಆಗಬೇಕು. ಶುಕ್ರವಾರದಿಂದ ಮಂಗಳವಾರಕ್ಕೆ ನಾಲ್ಕು ದಿನದ ಗ್ಯಾಪ್ ಬರುತ್ತದೆ, ಅದೇ ಕಷ್ಟದ ಗ್ಯಾಪ್. ಆ ನಾಲ್ಕು ದಿನಕ್ಕೆ ಮೂರು ಕೆಜಿ ದಾಟದಿದ್ದರೆ ಸಾಕು. ದಿನಕ್ಕೆ ಮುಕ್ಕಾಲು ಕೆಜಿ ಅಂತ ಹಂಚಿಕೊಂಡರೆ ಅಷ್ಟು ಕಷ್ಟ ಅನ್ನಿಸುವುದಿಲ್ಲ. ಬಾಯಿ ಒಣಗಿದರೆ ನೀರು ಮುಕ್ಕಳಿಸಿ ಉಗುಳಲಿ. ಏಲಕ್ಕಿಯೋ ಲವಂಗವೋ ಬಾಯಲ್ಲಿರಲಿ. ಫ್ರಿಡ್ಜ್ ಇದ್ದರೆ ತಮ್ಮ ಪಾಲಿನ ನೀರಲ್ಲೇ ನಾಲ್ಕು ಐಸ್ ಗಡ್ಡೆ ಮಾಡಿಟ್ಟುಕೊಳ್ಳಲಿ. ಒಂದು ಗಡ್ಡೆ ಚೀಪಿದರೆ ಅರ್ಧ ಲೋಟ ಕುಡಿದಷ್ಟು ಸಮಾಧಾನ.

ಮೂರು ಕೆಜಿ ಒಳಗೆ ಬಂದ ಮೇಲೂ ಕಾಲು ಹಿಡಿದುಕೊಂಡರೆ, ಅವರ ಡ್ರೈ ವೇಟ್ ತಪ್ಪಾಗಿರಬಹುದು. ಹೊಟ್ಟೆ ಹಸಿದು ಚೆನ್ನಾಗಿ ಊಟ ಮಾಡುವವರಿಗೆ ಮಾಂಸ ತುಂಬಿಕೊಂಡು ಡ್ರೈ ವೇಟ್ ಏರುತ್ತದೆ. ಹಳೇ ಲೆಕ್ಕದಲ್ಲೇ ಎಳೆದರೆ ಜಾಸ್ತಿ ಎಳೆದ ಹಾಗಾಗುತ್ತದೆ. ‘ಡ್ರೈ ವೇಟ್ ಇನ್ನೊಂದು ಸಲ ನೋಡಿ’ ಅಂತ ಡಾಕ್ಟರನ್ನು ಕೇಳಿ. ವಾರಕ್ಕೆ ಎರಡು ಸಲ ಸಾಕೇ ಅಂತಲೂ ಕೇಳಿ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಬೇಕು. ಮೂತ್ರ ಚೆನ್ನಾಗಿ ಬರುವವರಿಗೆ ಕೆಲವು ಕಾಲ ಎರಡು ನಡೆಯುತ್ತದೆ. ಮೂತ್ರ ಕಡಿಮೆಯಾದರೆ ಎರಡು ಸಾಲುವುದಿಲ್ಲ. ಜಾಗ ಇಲ್ಲ ಅಂದರೆ ಹೆಸರು ಬರೆಸಿ ಬನ್ನಿ, ಮತ್ತೆ ಮತ್ತೆ ಕೇಳಿ. ಕೇಳಲು ಸಂಕೋಚ ಬೇಡ.

ಈಗ ನೀವು ಬಿಡಿಸಿರುವ ಬೇಳೆ, ಮೊಟ್ಟೆ. ಇದನ್ನು ದಯವಿಟ್ಟು ಇವತ್ತೇ ಸರಿ ಮಾಡಿ. ಡಯಾಲಿಸಿಸ್ ಶುರುವಾಗುವ ಮುಂಚೆ ಪ್ರೋಟೀನ್ ಕಡಿಮೆ ಮಾಡಿ ಅಂತ ಹೇಳಿರುತ್ತಾರೆ. ಶುರುವಾದ ಮೇಲೆ ಅದು ತಿರುವುಮುರುವು. ಪ್ರತಿ ಸಲವೂ ಮಷೀನಿನಲ್ಲಿ ಸ್ವಲ್ಪ ಪ್ರೋಟೀನ್ ಸತ್ವ ಹೋಗುತ್ತದೆ. ಈಗ ದಿನಕ್ಕೆ ಕೆಜಿ ತೂಕಕ್ಕೆ 1 ರಿಂದ 1.2 ಗ್ರಾಂ ಬೇಕು, ಅಂದರೆ ಅವರಿಗೆ ಹತ್ತಿರ ಹತ್ತಿರ 60 ಗ್ರಾಂ. ಹಳೇ ಪಥ್ಯದ ಚೀಟಿಯನ್ನೇ ಹಿಡಿದುಕೊಂಡು ಸೊರಗಿದವರು ಬೇಕಾದಷ್ಟು ಜನ ಇದ್ದಾರೆ. ದಿನಕ್ಕೆ ಎರಡು ಮೂರು ಮೊಟ್ಟೆಯ ಬಿಳಿ ಕೊಡಿ. ಕೋಳಿ, ಮೀನು ತಿನ್ನುವವರಾದರೆ ಅಳತೆಯಲ್ಲಿ ಕೊಡಿ. ತಿನ್ನದವರಾದರೆ ಬೇಳೆ, ಸ್ವಲ್ಪ ಮೊಸರು, ಪನೀರ್. ಹಾಲಿನ ಪದಾರ್ಥ ಅತಿಯಾದರೆ ರಂಜಕ (ಫಾಸ್ಫರಸ್) ಏರಿ ಮೈಯೆಲ್ಲ ತುರಿಕೆ ಬರುತ್ತದೆ, ಅದಕ್ಕೆ ಕೊಟ್ಟ ಮಾತ್ರೆಯನ್ನು ಊಟದ ಜೊತೆಯಲ್ಲೇ ನುಂಗಬೇಕು. ಊಟವಾಗಿ ಒಂದು ಗಂಟೆ ಬಿಟ್ಟು ನುಂಗಿದರೆ ಪ್ರಯೋಜನ ಇಲ್ಲ. ಅನ್ನ, ಅಕ್ಕಿ ರೊಟ್ಟಿ ತಿನ್ನಲಿ, ರಾಗಿ ಅಳತೆಯಲ್ಲಿರಲಿ. ಮುದ್ದೆ ಬಿಟ್ಟರೆ ಊಟ ಮಾಡಿದ ಹಾಗೇ ಇಲ್ಲ ಅನ್ನುವವರಿಗೆ ನಾನು ಚಿಕ್ಕದೊಂದು ಮುದ್ದೆ ಕೊಡಿ ಅನ್ನುತ್ತೇನೆ.

ಸೊಪ್ಪು, ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಬೇಕು. ಪೊಟ್ಯಾಸಿಯಂ ಎಷ್ಟೋ ಪಾಲು ಆ ನೀರಲ್ಲೇ ಇಳಿದುಹೋಗುತ್ತದೆ. ನಮ್ಮ ಕಡೆ ಮನೆಮನೆಯಲ್ಲೂ ತಪ್ಪುವುದು ಇಲ್ಲೇ. ನಾವು ಆ ನೀರನ್ನು ಚೆಲ್ಲುವುದಿಲ್ಲ, ಬಸ್ಸಾರು ಮಾಡುತ್ತೇವೆ. ಚೆಲ್ಲಬೇಕಾದ ಪೊಟ್ಯಾಸಿಯಂ ಎಲ್ಲ ಆ ಸಾರಲ್ಲಿ ಕೂತಿರುತ್ತದೆ. ಬಸ್ಸಾರಿನ ದಿನ ಅವರಿಗೆ ಪಲ್ಯ ಬಡಿಸಿ, ಸಾರು ಬೇಡ.

ಎಳನೀರಿನ ಬಗ್ಗೆ ಬೇರೆಯೇ ಹೇಳಬೇಕು. ನಿಮ್ಮದು ತೆಂಗಿನ ಸೀಮೆ. ಹುಷಾರಿಲ್ಲ ಅಂದರೆ ನೆಂಟರು ಹಿಡಿದು ಬರುವುದೇ ಎಳನೀರು. ಒಂದು ಎಳನೀರಲ್ಲಿ 600, 700 ಮಿಲಿಗ್ರಾಂ ಪೊಟ್ಯಾಸಿಯಂ ಇರಬಹುದು. ಅವರ ಇಡೀ ದಿನದ ಪಾಲು ಸುಮಾರು 2,000. ಒಂದು ಭಾನುವಾರ ರಾತ್ರಿ ಒಬ್ಬರನ್ನು ನಾಲ್ಕು ಜನ ಎತ್ತಿಕೊಂಡು ಬಂದರು. ಕಾಲು ಎತ್ತಲು ಆಗುತ್ತಿರಲಿಲ್ಲ. ಲಕ್ವ ಹೊಡೆದಿದೆ ಅಂತ ಮನೆಯವರು ಅಂದುಕೊಂಡಿದ್ದರು. ಇಸಿಜಿ ಹಾಕಿದರೆ ಅಲೆಗಳು ಗೂಟ ನೆಟ್ಟ ಹಾಗೆ ನೆಟ್ಟಗೆ ಎದ್ದಿದ್ದವು. ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವ ಅಂಚಿಗೆ ಬಂದಿತ್ತು. ಮಧ್ಯಾಹ್ನ ಅಣ್ಣ ಪ್ರೀತಿಯಿಂದ ಎರಡು ಎಳನೀರು ಕೆತ್ತಿ ಕೊಟ್ಟಿದ್ದರಂತೆ. ಆ ರಾತ್ರಿಯೇ ಡಯಾಲಿಸಿಸ್ ಮಾಡಿದೆವು, ಉಳಿದರು. ಅವರ ಅಣ್ಣ ಬೆಳಗಿನ ತನಕ ವಾರ್ಡಿನ ಹೊರಗೆ ಗೋಡೆಗೆ ತಲೆ ಕೊಟ್ಟು ಕೂತಿದ್ದರು. ಅದಕ್ಕೇ ನೆಂಟರಿಗೆಲ್ಲ ಮೊದಲೇ ಹೇಳಿಬಿಡಿ. ಬಾಳೆಹಣ್ಣು, ಮೋಸಂಬಿ ಜ್ಯೂಸ್, ಸಪೋಟ, ಒಣದ್ರಾಕ್ಷಿ ಕೂಡ ಬೇಡ. ಸೇಬು, ಪಿಯರ್ಸ್ ಹಣ್ಣು, ಅನಾನಸ್ ಒಂದೆರಡು ಹೋಳು ತಿನ್ನಬಹುದು. ಸ್ಟಾರ್ ಫ್ರೂಟ್, ಕರಾವಳಿಯವರು ಧಾರೆಹುಳಿ ಅನ್ನುವ ಹಣ್ಣು, ಇದನ್ನು ಮಾತ್ರ ಒಂದು ತುಂಡೂ ತಿನ್ನಬಾರದು. ಅದರಲ್ಲಿರುವ ವಿಷ ಕಿಡ್ನಿ ಕೆಟ್ಟವರ ಮಿದುಳಿಗೆ ಏರುತ್ತದೆ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗುತ್ತದೆ.

ಅವರ ಎಡಗೈ ಬಗ್ಗೆ. ಫಿಸ್ಟುಲಾ ಅಂದರೆ ಅವರ ಜೀವದ ದಾರಿ. ದಿನಾ ಬೆಳಿಗ್ಗೆ ಬಲಗೈ ಬೆರಳನ್ನು ಅದರ ಮೇಲಿಟ್ಟು ನೋಡಲಿ. ಗುಂಯ್ ಅಂತ ನಡುಕ ಸಿಗಬೇಕು. ಸಿಗಲಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ, ಆವತ್ತೇ ಹೋಗಿ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಅದರ ಮೇಲೆ ಮಲಗಬಾರದು. ಬಿಗಿಯಾದ ವಾಚು, ದಾರ ಬೇಡ. ಚಳಿ ಜ್ವರ ಬಂದರೆ, ಸೂಜಿ ಜಾಗ ಕೆಂಪಾದರೆ ಕೂಡಲೇ ತೋರಿಸಿ.

‘ಇನ್ನೆಷ್ಟು ದಿನ’ ಅಂತ ಕೇಳಿದಿರಿ. ಪತ್ರ ನೋಡಿ ವರ್ಷಗಳ ಲೆಕ್ಕ ಹೇಳುವುದು ಸರಿಯಲ್ಲ. ಹೃದಯ ಹೇಗಿದೆ, ಬಿಪಿ ಹೇಗಿದೆ, ಪೂರ್ತಿ ಹೊತ್ತು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರಾ ಅನ್ನುವುದರ ಮೇಲಿದೆ. ಒಂದು ವಿಷಯ ಹೇಳುತ್ತೇನೆ. 1960ರ ತನಕ ಕಿಡ್ನಿ ಪೂರ್ತಿ ಕೆಟ್ಟವರಿಗೆ ಡಯಾಲಿಸಿಸ್ ಇದ್ದೂ ಇಲ್ಲದ ಹಾಗೆ. ಪ್ರತಿ ಸಲ ಹೊಸ ರಕ್ತನಾಳ ಕತ್ತರಿಸಬೇಕಿತ್ತು, ಕೆಲವೇ ಸಲಕ್ಕೆ ನಾಳಗಳು ಮುಗಿದುಹೋಗುತ್ತಿದ್ದವು. ಆ ವರ್ಷ ಮಾರ್ಚಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಕ್ಲೈಡ್ ಶೀಲ್ಡ್ಸ್ ಅನ್ನುವವರ ತೋಳಿಗೆ ಟೆಫ್ಲಾನ್ ಕೊಳವೆ ಕೂರಿಸಿದರು. ಮತ್ತೆ ಮತ್ತೆ ಮಷೀನಿಗೆ ಹಚ್ಚಲು ಅದರಿಂದ ದಾರಿಯಾಯಿತು. ಶೀಲ್ಡ್ಸ್ ಮಷೀನ್ ಕೆಲಸಗಾರರು, ಸಾವಿನ ಹಾಸಿಗೆಯಲ್ಲಿದ್ದವರು. ಆಮೇಲೆ 11 ವರ್ಷ ಬದುಕಿದರು. ಅವರ ಕಾಲದಲ್ಲಿ ಇವತ್ತಿನ ಮಷೀನ್ ಇರಲಿಲ್ಲ, ರಕ್ತ ಏರಿಸುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಇರಲಿಲ್ಲ. ನಿಮ್ಮ ಯಜಮಾನರ ಕೈಯಲ್ಲಿರುವಂಥ ಫಿಸ್ಟುಲಾ ಬಂದಿದ್ದು 1966ರಲ್ಲಿ. ನಮ್ಮಲ್ಲೂ ಹತ್ತು ವರ್ಷ ದಾಟಿದವರಿದ್ದಾರೆ, ನಾನು ಅವರನ್ನು ದಿನಾ ನೋಡುತ್ತೇನೆ.

ಕಿಡ್ನಿ ಕಸಿಯ ಬಗ್ಗೆ ನೀವು ಬರೆದಿಲ್ಲ. 48 ಅಂದರೆ ಕಸಿಗೆ ಒಳ್ಳೆ ವಯಸ್ಸು. 1994ರ ಕಾನೂನಿನ ಪ್ರಕಾರ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ ಅಥವಾ ಹೆಂಡತಿ ಕೊಡಬಹುದು. ಕೊಡುವವರಿಲ್ಲದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ, ಮೃತರು ದಾನ ಮಾಡಿದ ಅಂಗಗಳನ್ನು ಹಂಚುವ ರಾಜ್ಯದ ‘ಜೀವಸಾರ್ಥಕತೆ’ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ. ಕಾಯುವುದು ವರ್ಷಗಟ್ಟಲೆ ಆಗಬಹುದು, ಅದಕ್ಕೇ ಬೇಗ ಬರೆಸಬೇಕು. ಬೆಂಗಳೂರಿನ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಗೆ ಒಂದು ಸಲ ತೋರಿಸಿ ಬನ್ನಿ. ಕಸಿ ಆದ ಮೇಲೂ ಜೀವನಪೂರ್ತಿ ಮಾತ್ರೆ ಇರುತ್ತದೆ ಅನ್ನುವುದು ಮೊದಲೇ ಗೊತ್ತಿರಲಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಲ್ಲದಿದ್ದರೆ ಈಗಲೇ ಕೇಳಿ.

ಮನಸ್ಸಿನ ವಿಷಯ ಕೊನೆಗೆ ಬಂತು ಅಂತ ಅದು ಚಿಕ್ಕದಲ್ಲ. ಅವರು ದುಡಿದು ಮನೆ ನಡೆಸಿದವರು. ಈಗ ಏನು ತಿನ್ನಬೇಕು, ಎಷ್ಟು ಕುಡಿಯಬೇಕು, ಯಾವಾಗ ಮಲಗಬೇಕು, ಎಲ್ಲ ಬೇರೆಯವರು ಹೇಳುತ್ತಾರೆ. ಮೈ ಸುಸ್ತು, ರಕ್ತ ಕಡಿಮೆ, ನಿದ್ದೆ ಇಲ್ಲ. ಗಂಡ ಹೆಂಡತಿ ನಡುವಿನ ಸಂಬಂಧವೂ ಬದಲಾಗಿರುತ್ತದೆ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಎಷ್ಟೋ ಗಂಡಸರು ಒಳಗೇ ಕುದಿಯುತ್ತಾರೆ. ಅದಕ್ಕೂ ಚಿಕಿತ್ಸೆ ಇದೆ, ಡಾಕ್ಟರ ಹತ್ತಿರ ಮುಚ್ಚಿಡಬೇಕಾಗಿಲ್ಲ. ಡಯಾಲಿಸಿಸ್‌ನಲ್ಲಿರುವ ಐವರಲ್ಲಿ ಒಬ್ಬರಿಗಾದರೂ ಖಿನ್ನತೆ ಇರುತ್ತದೆ. ಅದೂ ಕಾಯಿಲೆಯೇ, ಧೈರ್ಯ ಕಡಿಮೆ ಅಂತಲ್ಲ. ‘ನನ್ನ ಮುಖ ತೋರಿಸಿ ಏನಾಗಬೇಕು’ ಅನ್ನುವ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ‘ಬದುಕೇ ಬೇಡ ಅನ್ನಿಸುತ್ತಾ’ ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ತಲೆಯಲ್ಲಿ ಅದೇ ಕೂರುತ್ತದೆ ಅಂತ ಹೆದರಬೇಡಿ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಹೇಳಿ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅವರ ಡಯಾಲಿಸಿಸ್ ದಿನವೂ ಮಂಗಳವಾರವೇ, ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಬರುತ್ತಾರೆ ವಿಚಾರಿಸಿ. ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೂ ಆ ನಂಬರು ಬೇಕಾಗಬಹುದು. ಐದು ತಿಂಗಳಿಂದ ಅರ್ಧ ನಿದ್ದೆಯಲ್ಲಿ ಇರುವವರು ನೀವೂ ಹೌದು. ನಿಮ್ಮ ಬಿಪಿ, ಮಕ್ಕಳ ಬಿಪಿ ನೋಡಿಸಿದ್ದೀರಾ? ನೋಡಿಸಿ.

ಅಂಗಡಿ ತೆರೆಯಬಹುದು. ಮಂಗಳವಾರ, ಶುಕ್ರವಾರ ಮನೆಗೆ ಬಂದ ಮೇಲೆ ಮಲಗಲಿ, ಆ ಸುಸ್ತು ಸಹಜ. ಉಳಿದ ದಿನ ಬೆಳಿಗ್ಗೆ ಎರಡು ಗಂಟೆ ಕೂರಲಿ, ಆಮೇಲೆ ಮೂರು. ಎಡಗೈ ಆಡಿಸಿದರೆ ಫಿಸ್ಟುಲಾಕ್ಕೆ ತೊಂದರೆ ಇಲ್ಲ, ಬಟ್ಟೆ ಹಿಡಿಯುವ ಕೆಲಸ ಮಾಡಬಹುದು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಮಾತ್ರ ಆ ಕೈಯಲ್ಲಿ ಎತ್ತಬಾರದು. ಬಟ್ಟೆ ಮೂಟೆ ಹೊರುವುದು ಬೇಡ. ತುಳಿಯುವ ಮಷೀನಿಗೆ ಮೋಟರ್ ಹಾಕಿಸಿದರೆ ಕಾಲಿಗೆ ಹಗುರ. ಕತ್ತರಿ, ಸೂಜಿ ತಾಗದ ಹಾಗೆ ಫಿಸ್ಟುಲಾದ ಮೇಲೆ ಸಡಿಲವಾದ ತೋಳಿನ ಅಂಗಿ ಇರಲಿ. ಅದನ್ನು ಹೇಗೆ ಹೊಲಿಯಬೇಕು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತು.

ನಿಶ್ಚಿತಾರ್ಥ ಬುಧವಾರ ಅಂದಿದ್ದೀರಿ. ಹಿಂದಿನ ದಿನ ಡಯಾಲಿಸಿಸ್ ಆಗಿರುತ್ತದೆ, ವಾರದಲ್ಲಿ ಮೈ ಹಗುರ ಇರುವ ದಿನಗಳಲ್ಲಿ ಅದೂ ಒಂದು. ಊಟಕ್ಕೆ ಕೂರಲಿ. ಎರಡು ಚಮಚ ಪಾಯಸ, ಅನ್ನ, ಬೀನ್ಸ್ ಪಲ್ಯ. ಉಪ್ಪಿನಕಾಯಿ, ಹಪ್ಪಳ ಬಡಿಸುವವರಿಗೆ ಮೊದಲೇ ಹೇಳಿಡಿ, ಎಲೆ ಮುಂದೆ ನಿಂತು ಬೇಡ ಬೇಡ ಅನ್ನುವ ಹಾಗೆ ಆಗಬಾರದು. ಮಗಳ ಬ್ಲೌಸನ್ನು ಎಲ್ಲಿ ಹೊಲಿಯಲು ಕೊಟ್ಟಿದ್ದೀರಿ ಅಂತ ಬರೆದಿಲ್ಲ. ಇನ್ನೂ ಕೊಟ್ಟಿಲ್ಲದಿದ್ದರೆ, ಬಟ್ಟೆಯನ್ನು ಮಗಳ ಕೈಯಲ್ಲೇ ಅವರ ಹತ್ತಿರ ಕಳಿಸಿ.